ದೊಡ್ಡತ್ತಿಯ ಪೈಕಿಯವರು

ನಮ್ಮ ದೊಡ್ಡತ್ತಿಯ ಪ್ರಕಾರ ಈ ಭೂಮಿಯ ಮೇಲೆ ಇರುವುದು ಎರಡೇ ತರದ ಜನ. ಒಂದು, ನಮ್ಮ ಪೈಕಿಯವರು. ಇನ್ನೊಂದು, ಇನ್ನೂ ವಿಚಾರಣೆ ಮುಗಿಯದವರು! ಮೂರನೆಯ ತರದವರು ಎಲ್ಲಾದರೂ ಇದ್ದರೆ ಅವರು ಬೆಟಗೇರಿಯ ನಮ್ಮ ಓಣಿಗೆ ಇನ್ನೂ ಕಾಲಿಟ್ಟಿಲ್ಲ ಎಂದೇ ಅರ್ಥ.

ದೊಡ್ಡತ್ತಿ ಎಂದರೆ ನನ್ನ ಮಾವನವರ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಬಂದವರೇ ಮನೆಯ ಯಜಮಾನಿಕೆಯನ್ನೂ ಪಡಸಾಲೆಯ ಕೈಮಗ್ಗವನ್ನೂ ಒಟ್ಟಿಗೇ ಹಿಡಿದುಕೊಂಡರು. ವಯಸ್ಸಾಯಿತೆಂದು ಮಗ್ಗವನ್ನು ಈಗೀಗ ಮಧ್ಯಾಹ್ನದ ಮೇಲೆ ಬಿಡುತ್ತಾರೆ. ಯಜಮಾನಿಕೆಯನ್ನು ಬಿಟ್ಟ ಸುದ್ದಿ ಇನ್ನೂ ಬಂದಿಲ್ಲ. ಪಡಸಾಲೆಯ ಬಾಗಿಲು ತೆರೆಯುವುದು ನೇರ ಬೀದಿಗೆ. ಹೀಗಾಗಿ ಗ್ಯಾಸ್ ಸಿಲಿಂಡರ್ ತಂದವನು, ಕರೆಂಟಿನ ಮೀಟರ್ ನೋಡಲು ಬಂದವನು, ವಿಳಾಸ ತಪ್ಪಿ ನಿಂತವನು, ಯಾರೇ ಇರಲಿ, ಮಗ್ಗದ ಸದ್ದು ಗಪ್ಪನೆ ನಿಂತಿತೆಂದರೆ ಸಿಕ್ಕಿಬಿದ್ದ ಎಂದು ತಿಳಿಯಬೇಕು.

“ತಮ್ಮಾ, ಯಾ ಪೈಕಿ ಆತು ನೀನು?”

ನಮ್ಮ ಕಡೆಯವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಯಾವ ಜಾತಿ, ಅದರೊಳಗೆ ಯಾವ ಕವಲು, ಯಾರ ಮನೆತನ, ನಮಗೆ ಏನಾಗಬೇಕು, ಇಷ್ಟನ್ನೂ ‘ಯಾ ಪೈಕಿ’ ಎಂಬ ಎರಡು ಮಾತಿನಲ್ಲಿ ಮುಗಿಸಿಬಿಡುವ ಜಾಣತನ ನಮ್ಮದು! ಆದರೆ ನನಗೆ ಈ ಪ್ರಶ್ನೆ ಕೇಳಿದರೆ ಆಗುವುದಿಲ್ಲ. ಗದಗಿನಲ್ಲಿ ಓದುವಾಗ ಬಾಡಿಗೆ ಕೋಣೆ ಹುಡುಕುತ್ತಾ ಒಂದು ಮನೆಗೆ ಹೋಗಿದ್ದೆ. ಮನೆಯೊಡತಿ ನಗುತ್ತಾ ನೀರು ಕೊಟ್ಟಳು, ನಗುತ್ತಾ ಯಾ ಪೈಕಿ ಎಂದು ಕೇಳಿದಳು, ನನ್ನ ಉತ್ತರ ಕೇಳಿ ನಗುತ್ತಲೇ “ಅಯ್ಯ, ಕೋಣಿ ನಿನ್ನೇನ ಹೋತಲ್ಲವಾ” ಎಂದಳು. ಕೋಣೆಯ ಬಾಗಿಲಿಗೆ ‘ಬಾಡಿಗೆಗೆ ಇದೆ’ ಎಂಬ ಬೋರ್ಡು ಮಾತ್ರ ಹಾಗೇ ತೂಗುತ್ತಿತ್ತು.

ಇಂಥ ನಾನು, ಸಿಂಗಟಾಲೂರಿನ ಹೊಳೆದಂಡೆಯ ಒಕ್ಕಲು ಮನೆಯ ಹುಡುಗಿ, ಬೆಟಗೇರಿಯ ನೇಕಾರರ ಮನೆಯ ಹುಡುಗನನ್ನು ಮೆಚ್ಚಿ, ರಿಜಿಸ್ಟರ್ ಮದುವೆಯಾಗಿ ಈ ಮನೆಗೆ ಬಂದೆ. ಬಂದ ದಿನ ಎಲ್ಲರೂ ದೊಡ್ಡತ್ತಿಯ ಬಾಯಿಯನ್ನೇ ನೋಡುತ್ತಿದ್ದರು. ನಾನಂತೂ ಬಸ್ಸಿನಲ್ಲಿ ಬರುವಾಗಲೇ ಉತ್ತರವನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕೈಕಾಲ ತೊಳ್ಕೊಂಡು ಬಾ, ಹಿಟ್ಟು ನಾದಿಟ್ಟೈತಿ, ರೊಟ್ಟಿ ಬಡಿ” ಎಂದರು. ಅಷ್ಟೇ! ಇವತ್ತು ಕೇಳಿಲ್ಲ, ನಾಳೆ ಕೇಳುತ್ತಾರೆ ಎಂದುಕೊಂಡು ರೊಟ್ಟಿ ಬಡಿದೆ. ನಾಳೆಯೂ ಕೇಳಲಿಲ್ಲ. ವರ್ಷಗಳು ಉರುಳಿದವು, ಕೇಳಲೇ ಇಲ್ಲ. ನನ್ನ ಸಂಕಟವನ್ನು ಆಮೇಲೆ ಹೇಳುತ್ತೇನೆ. ಮೊದಲು ಅವರ ಪ್ರತಾಪ ಕೇಳಿ.

ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದಮೇಲೆ ದೊಡ್ಡತ್ತಿಯ ವಿಚಾರಣಾ ವ್ಯಾಪ್ತಿ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳಿಗೂ ಹಬ್ಬಿತು. ಒಮ್ಮೆ ಮುಂಡರಗಿ ಬಸ್ಸಿನಲ್ಲಿ ನಾನೂ ಜೊತೆಗಿದ್ದೆ. ಕಂಡಕ್ಟರ್ ಬಂದ.

“ಅಜ್ಜಿ, ಆಧಾರ್ ಕಾರ್ಡ್ ತೋರಸ್ರಿ. ಗುರುತು ಇಲ್ದ ಫ್ರೀ ಟಿಕೆಟ್ ಕೊಡಾಕ ಬರೂದಿಲ್ಲ.”

“ಆ ಕಾರ್ಡಿನ್ಯಾಗ ನನ್ನ ಗುರುತು ಎಲ್ಲೈತೋ ತಮ್ಮಾ? ಆ ಫೋಟೋದಾಗ ಇರೂ ಮುದುಕಿ ಯಾರಂತ ನನಗ ಗುರುತು ಹತ್ತೂದಿಲ್ಲ! ಅದಿರ್ಲಿ, ನಿಮ್ಮವ್ವನ ತವರಮನಿ ಯಾವುದು?”

ಮುಗಿಯಿತು! ಬಸ್ಸು ಡಂಬಳ ದಾಟುವಷ್ಟರಲ್ಲಿ ಕಂಡಕ್ಟರನ ಅವ್ವ, ಅವ್ವನ ಅವ್ವ, ಅವಳ ತಂಗಿ, ಆ ತಂಗಿ ಬೆಟಗೇರಿಯಲ್ಲಿ ನಮ್ಮ ಹಿಂದಿನ ಓಣಿಯವರಿಗೆ ಮೊಸರು ಹಾಕುತ್ತಿದ್ದದ್ದು, ಎಲ್ಲ ಹೊರಗೆ ಬಂತು. “ಹಂಗಾದ್ರ ನೀ ನಮ್ಮ ಪೈಕಿನ ಆತು!” ಎಂದು ದೊಡ್ಡತ್ತಿ ತೀರ್ಪು ಕೊಟ್ಟರು. ಮೊಸರು ಮಾರಿದರೆ ರಕ್ತಸಂಬಂಧ ಹೇಗಾಗುತ್ತದೆ ಎಂದು ಕೇಳುವ ಧೈರ್ಯ ಇಡೀ ಬಸ್ಸಿನಲ್ಲಿ ಯಾರಿಗೂ ಇರಲಿಲ್ಲ. ಮುಂಡರಗಿಯಲ್ಲಿ ಇಳಿಯುವಾಗ ಕಂಡಕ್ಟರ್ ತನ್ನ ಊಟದ ಡಬ್ಬಿ ತೆಗೆದು ದೊಡ್ಡತ್ತಿಗೆ ಶೇಂಗಾ ಹೋಳಿಗೆ ಕೊಟ್ಟ. ಆಧಾರ್ ಕಾರ್ಡ್ ತೋರಿಸಿದ ನಮಗೆಲ್ಲ ಸಿಕ್ಕಿದ್ದು ಬರೀ ಟಿಕೆಟ್ಟು!

ಇದನ್ನು ಓದಿ, ಆಹಾ, ಎಷ್ಟು ದೊಡ್ಡ ಮನಸ್ಸಿನ ಮುದುಕಿ, ಜಗತ್ತನ್ನೇ ಅಪ್ಪಿಕೊಂಡಿದ್ದಾಳೆ ಎಂದುಕೊಂಡರೆ ನೀವು ಕೆಟ್ಟಿರಿ. ದೊಡ್ಡತ್ತಿಗೂ ಬೇಲಿಗಳಿವೆ. ಗದಗ-ಬೆಟಗೇರಿ ಎಂದು ಬರೆಯುವಾಗ ನಡುವೆ ಒಂದು ಗೀಟು ಹಾಕುತ್ತಾರಲ್ಲ, ನಿಮಗೆ ಅದು ಎರಡು ಊರನ್ನು ಕೂಡಿಸುವ ಗೀಟು. ದೊಡ್ಡತ್ತಿಗೆ ಅದು ಗಡಿ.

“ಗದಗಿನವ್ರು ಬ್ಯಾರೆ ಬಿಡು. ಅವ್ರು ಚಹಾಕ್ಕ ಸಕ್ಕರಿ ಹಾಕೂ ಮುಂದ ಕೈ ನಡಗತಾವು.”

ಇದೇ ಮಾತನ್ನು ನೆಚ್ಚಿಕೊಂಡು ನಾನು ಅವರ ಜೊತೆ ಲಕ್ಷ್ಮೇಶ್ವರದ ಸಂತೆಗೆ ಹೋದೆ. ಅಲ್ಲಿ ಮೆಣಸಿನಕಾಯಿ ಮಾರುವವನ ಮುಂದೆ ದೊಡ್ಡತ್ತಿ ಎದೆಯುಬ್ಬಿಸಿ, “ಗದಗದವ್ರು ನಾವು! ನಮಗ ಬ್ಯಾಡಗಿ ಯಾವುದು, ಬಣ್ಣ ಹಚ್ಚಿದ್ದು ಯಾವುದು ತಿಳಿಯೂದಿಲ್ಲೇನು?” ಎಂದರು. ನನಗೆ ತಡೆಯಲಾಗಲಿಲ್ಲ.

“ದೊಡ್ಡತ್ತಿ, ಗದಗಿನವ್ರು ಬ್ಯಾರೆ ಅಂತ ಮೊನ್ನೆ ನೀವ ಅಂದಿದ್ರೆಲ್ಲ?”

“ಅದು ಬೆಟಗೇರ್ಯಾಗ ಅಂದಿದ್ದು. ಇಲ್ಲಿ ಲಕ್ಷ್ಮೇಶ್ವರದಾಗ ನಿಂತು ಬೆಟಗೇರಿ ಅಂದ್ರ ಇವನೇನು ಅಂಜತಾನ?”

ಸೋಲಾಪುರದ ಸಂಬಂಧಿಕರ ಮನೆಗೆ ಹೋದಾಗ ಇದೇ ದೊಡ್ಡತ್ತಿ ಇಡೀ ಕರ್ನಾಟಕವನ್ನು ತಲೆಯ ಮೇಲೆ ಹೊತ್ತು ತಿರುಗಿದರು. ಅಲ್ಲಿ ಗದಗಿನ ಚಹಾ ಕೂಡ ಅಮೃತವಾಗಿತ್ತು.

ನಾನು ಹೊಟ್ಟೆಪಾಡಿಗೆ ಗದಗಿನ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ವರ್ಷಕ್ಕೊಮ್ಮೆ ‘ಜನಾಂಗೀಯ ಗುರುತು’ ಎಂಬ ಪಾಠ ಬರುತ್ತದೆ. ಹಳೆಯ ಕಾಲದ ಮಾನವಶಾಸ್ತ್ರಜ್ಞರು ಒಂದು ಗುಂಪೆಂದರೆ ರಕ್ತ, ಭಾಷೆ, ಊಟ, ಉಡುಗೆ, ಪದ್ಧತಿ, ಇವೆಲ್ಲ ತುಂಬಿಟ್ಟ ಡಬ್ಬಿ ಎಂದು ನಂಬಿದ್ದರು. ಆಮೇಲೆ ಬಂದವರು, ಡಬ್ಬಿಯೊಳಗೆ ಏನಿದೆ ಎಂದು ತಡಕಾಡುವುದಕ್ಕಿಂತ ಬೇಲಿಯನ್ನು ಯಾರು, ಎಲ್ಲಿ, ಯಾವಾಗ ಹಾಕುತ್ತಾರೆ ನೋಡಿ ಎಂದರು. ಎದುರಿಗೆ ‘ಅವರು’ ಬಂದು ನಿಂತಾಗಲೇ ‘ನಾವು’ ಹುಟ್ಟುತ್ತೇವೆ, ಎದುರಿನವರು ಬದಲಾದರೆ ನಾವೂ ಬದಲಾಗುತ್ತೇವೆ ಎಂದರು. ಇದನ್ನು ಪುಸ್ತಕದ ಭಾಷೆಯಲ್ಲಿ ಹೇಳಿದರೆ ಹುಡುಗರು ಆಕಳಿಸುತ್ತಾರೆ. ಮೆಣಸಿನಕಾಯಿ ಸಂತೆಯ ಕತೆ ಹೇಳಿದರೆ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಾರೆ. ಪುಣ್ಯಕ್ಕೆ ದೊಡ್ಡತ್ತಿ ಸಂಬಳದಲ್ಲಿ ಪಾಲು ಕೇಳಿಲ್ಲ!

ಆದರೆ ಒಮ್ಮೆ ಅವರಿಂದಾಗಿ ತರಗತಿಯಲ್ಲಿ ನಾನು ಬೆವತುಹೋಗಿದ್ದೂ ಇದೆ. ಅದಕ್ಕೆ ಹಿಂದಿನ ಕತೆ ಹೇಳಬೇಕು. ನಾನು ಈ ಮನೆಗೆ ಬಂದ ಹೊಸತರಲ್ಲಿ ಲಕ್ಷ್ಮೇಶ್ವರದಲ್ಲಿ ನಮ್ಮವರದೊಂದು ಮದುವೆ. ಒಂದರ ಪಕ್ಕ ಒಂದು ಎರಡು ಕಲ್ಯಾಣ ಮಂಟಪಗಳು, ಎರಡಕ್ಕೂ ಅವೇ ಬಾಳೆಕಂಬ, ಅವೇ ಪ್ಲಾಸ್ಟಿಕ್ ಹೂವಿನ ಕಮಾನು. ನಾನು ಆಟೋದವನಿಗೆ ಚಿಲ್ಲರೆ ಕೊಡುತ್ತಿದ್ದ ಹಾಗೇ ದೊಡ್ಡತ್ತಿ ಸರಸರನೆ ನಡೆದು ಒಂದು ಮಂಟಪದೊಳಗೆ ಹೋದರು. ನಾನು ಇನ್ನೊಂದಕ್ಕೆ ಹೋದೆ. ನಾನು ಹೋದದ್ದೇ ಸರಿಯಾದದ್ದು!

ಹುಡುಕಿ ಹುಡುಕಿ ಸಾಕಾಗಿ ಕೊನೆಗೆ ಪಕ್ಕದ ಮಂಟಪಕ್ಕೆ ಇಣುಕಿದರೆ ದೊಡ್ಡತ್ತಿ ವೇದಿಕೆಯ ಮೇಲೇ ಇದ್ದಾರೆ. ಯಾರದೋ ಮದುಮಗಳಿಗೆ ಉಡಿ ತುಂಬುವ ಕಾರ್ಯ ನಡೆದಿದೆ. ದೊಡ್ಡತ್ತಿ ಸೊಂಟದ ಮೇಲೆ ಕೈಯಿಟ್ಟು ಗದರುತ್ತಿದ್ದಾರೆ.

“ಉಡ್ಯಾಗ ನೂಲಿನ ಕಂಡಿಕಿ ಎಲ್ಲೈತಿ? ಅಕ್ಕಿ, ಕೊಬ್ಬರಿ, ಅರಿಷಿಣ ಹಾಕಿದ್ರ ಆತೇನು? ನಮ್ಮ ಪೈಕ್ಯಾಗ ಕಂಡಿಕಿ ಇಲ್ದ ಉಡಿ ತುಂಬಂಗಿಲ್ಲ!”

ಕಂಡಿಕೆ ಎಂದರೆ ಮಗ್ಗದ ಲಾಳಿಯೊಳಗೆ ಕೂರಿಸುವ ನೂಲು ಸುತ್ತಿದ ಕೊಳವೆ. ಆ ಮನೆಯವರೋ, ತಲೆತಲಾಂತರದಿಂದ ಎಣ್ಣೆ ಗಾಣದವರು. ಅವರ ಮನೆಯಲ್ಲಿ ಕಂಡಿಕೆ ಎಲ್ಲಿಂದ ಬರಬೇಕು? ಗಂಡಿನ ಕಡೆಯವರು ಇದು ಹೆಣ್ಣಿನ ಕಡೆಯ ಹಿರಿಯಜ್ಜಿ ಎಂದುಕೊಂಡರು, ಹೆಣ್ಣಿನ ಕಡೆಯವರು ಗಂಡಿನ ಕಡೆಯ ಹಿರಿಯಜ್ಜಿ ಎಂದುಕೊಂಡರು, ಎರಡೂ ಕಡೆಯವರು ತೆಪ್ಪಗೆ ತಲೆಯಾಡಿಸಿದರು. ಯಾರೋ ಓಡಿಹೋಗಿ ಟೇಲರ್ ಅಂಗಡಿಯಿಂದ ದಾರದ ರೀಲು ತಂದು ಉಡಿಗೆ ಹಾಕಿದರು. ನಾನು ದೊಡ್ಡತ್ತಿಯ ಕೈಹಿಡಿದು ಎಳೆದುಕೊಂಡು ಬಂದು ವಿಷಯ ಹೇಳಿದೆ. ಅವರಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ.

“ಹೌದನು? ಅದಕ್ಕ ಯಾರ ಮಾರಿನೂ ಗುರುತು ಹತ್ತಲಿಲ್ಲ. ಇರ್ಲಿ, ಜಿಲೇಬಿ ಚೊಲೋ ಇತ್ತು!”

ಈಗ ತರಗತಿಗೆ ಬನ್ನಿ. ಇಷ್ಟು ವರ್ಷಗಳಾದ ಮೇಲೆ ಕಳೆದ ಸಲ ಪದ್ಧತಿಗಳು ಹೇಗೆ ಹುಟ್ಟುತ್ತವೆ ಎಂದು ಪಾಠ ಮಾಡುತ್ತಾ, ನಿಮ್ಮ ಮನೆತನದ ಹಳೆಯ ಪದ್ಧತಿಯೊಂದನ್ನು ಹೇಳಿ ಎಂದೆ. ಲಕ್ಷ್ಮೇಶ್ವರದ ಹುಡುಗಿಯೊಬ್ಬಳು ಎದ್ದು ನಿಂತು, “ಮೇಡಂ, ನಮ್ಮ ಪೈಕ್ಯಾಗ ಮದುಮಗಳ ಉಡ್ಯಾಗ ದಾರದ ರೀಲ್ ಹಾಕ್ತೀವ್ರಿ. ಅನಾದಿ ಕಾಲದಿಂದ ಬಂದೈತ್ರಿ. ನಮ್ಮತ್ತಿ ಮದುವ್ಯಾಗ ಹಾಕಿದ್ರು, ನಮ್ಮಕ್ಕನ ಮದುವ್ಯಾಗೂ ಹಾಕಿದ್ರು. ಸಂಸಾರದ ಎಳಿ ಹರೀಬಾರದು ಅಂತ ಅದರ ಅರ್ಥರೀ” ಎಂದಳು. ಇಡೀ ತರಗತಿ ಚಪ್ಪಾಳೆ ತಟ್ಟಿತು. ನಾನು ಬೋರ್ಡಿನ ಕಡೆ ತಿರುಗಿ ನಿಂತುಕೊಂಡೆ. ಆ ಅನಾದಿ ಕಾಲ ನಮ್ಮ ಮನೆಯ ಫ್ರಿಜ್ಜಿಗಿಂತ ವಯಸ್ಸಿನಲ್ಲಿ ಚಿಕ್ಕದು ಎಂದು ಯಾವ ಬಾಯಿಂದ ಹೇಳಲಿ?

ಇನ್ನೊಮ್ಮೆ ದೂರದ ವಿಶ್ವವಿದ್ಯಾಲಯದಿಂದ ಒಬ್ಬ ಬಂಗಾಳಿ ಹುಡುಗಿ ಬಂದಿದ್ದಳು. ಮಾನವಶಾಸ್ತ್ರದವಳು. ನೇಕಾರರ ಗುರುತಿನ ಬಗ್ಗೆ ಸಂಶೋಧನೆ. ಅವಳ ಹಿಂದಿಯನ್ನು ದೊಡ್ಡತ್ತಿಗೆ, ದೊಡ್ಡತ್ತಿಯ ಕನ್ನಡವನ್ನು ಅವಳಿಗೆ ದಾಟಿಸುವ ಕೆಲಸ ನನ್ನದು.

“ನಿಮ್ಮ ಸಮುದಾಯದವರನ್ನ ನೀವು ಹ್ಯಾಂಗ ಗುರುತು ಹಿಡೀತೀರಿ ಅಂತ ಕೇಳಾಕತ್ತಾರ್ರಿ, ದೊಡ್ಡತ್ತಿ.”

“ಅದೇನು ದೊಡ್ಡ ಮಾತು? ಯಾ ಪೈಕಿ ಅಂತ ಕೇಳ್ತೀನಿ, ಹೇಳ್ತಾರ. ಈಕಿ ಯಾ ಪೈಕಿ ಕೇಳು.”

ಪ್ರಶ್ನೆ ಕೇಳಲು ಬಂದವಳು ಉತ್ತರ ಹೇಳುತ್ತಾ ಕುಳಿತಳು. ದೊಡ್ಡತ್ತಿ ಒಂದು ಕಿವಿ ಅವಳಿಗೆ ಕೊಟ್ಟು ಮಗ್ಗ ನಡೆಸುತ್ತಲೇ ಇದ್ದರು. ನಡುವೆ ಒಂದು ಎಳೆ ಹರಿಯಿತು. ದೊಡ್ಡತ್ತಿ ಕನ್ನಡಕ ಹುಡುಕುವಷ್ಟರಲ್ಲಿ ಆ ಹುಡುಗಿ ಬಾಗಿ ಎರಡೂ ತುದಿ ಹಿಡಿದು ಚಕ್ಕನೆ ಗಂಟು ಹಾಕಿಬಿಟ್ಟಳು. ಅವಳ ಅಜ್ಜಿಯೂ ಊರಲ್ಲಿ ಸೀರೆ ನೇಯುತ್ತಿದ್ದಳಂತೆ.

“ಆತು ನೋಡು! ನಮ್ಮ ಪೈಕಿನ!”

“ದೊಡ್ಡತ್ತಿ, ಅವ್ರು ದಿನಾ ಮೀನ ತಿಂತಾರ್ರಿ” ಎಂದು ನಾನು ಮೆಲ್ಲಗೆ ಹೇಳಿದೆ. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೂ ಸ್ನಾನ ಮಾಡುವವರು ದೊಡ್ಡತ್ತಿ! ಅವರು ಒಂದು ಗಳಿಗೆ ಯೋಚಿಸಿದರು.

“ತಿನ್ಲಿ ಬಿಡು. ನಮ್ಮ ಪೈಕ್ಯಾಗ ಮೀನ ತಿನ್ನೂ ಮಂದಿನೂ ಅದಾರ ಅಂತ ಇವತ್ತು ಗೊತ್ತಾತು.”

ಎಲ್ಲರೂ ನಕ್ಕೆವು. ನಾನೂ ನಕ್ಕೆ. ನಕ್ಕು ಒಳಗೆ ಬಂದು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದೆ. ಈಗ ನನ್ನ ಸಂಕಟಕ್ಕೆ ಬಂದೆ ನೋಡಿ. ಕಂಡಕ್ಟರ್ ನಮ್ಮ ಪೈಕಿ. ಎಣ್ಣೆ ಗಾಣದವರು ನಮ್ಮ ಪೈಕಿ. ಬಂಗಾಳದ ಮೀನೂ ನಮ್ಮ ಪೈಕಿ! ಇಷ್ಟು ವರ್ಷ ಇವರ ಹಿಟ್ಟು ನಾದಿ, ಕಾಲು ಒತ್ತಿ, ಕಣ್ಣಿಗೆ ಔಷಧಿ ಹನಿಸಿದ ನಾನು? ಒಂದು ದಿನ, ಒಂದೇ ಒಂದು ದಿನ ಇವರ ಬಾಯಲ್ಲಿ ‘ಈಕಿ ನಮ್ಮ ಪೈಕಿ’ ಎಂದು ಬರಲಿಲ್ಲವಲ್ಲ! ವಿಚಾರಣೆ ಮಾಡುವುದಕ್ಕೂ ನಾನು ಲಾಯಕ್ಕಿಲ್ಲವೇ?

ನಾಚಿಕೆ ಬಿಟ್ಟು ಒಂದು ಸಲ ನಾನೇ ಗಾಳ ಹಾಕಿದ್ದೆ. “ದೊಡ್ಡತ್ತಿ, ನಮ್ಮವ್ವನ ತವರಮನಿ ಡಂಬಳ ರೀ. ಅಲ್ಲಿ ನೇಕಾರರು ಭಾಳ ಮಂದಿ ಇದ್ರಂತ” ಎಂದು ಹೇಳಿ, ಎಳೆ ಹಿಡಿದು ಎಳೆಯುತ್ತಾರೇನೋ ಎಂದು ಕಿವಿ ನಿಮಿರಿಸಿ ಕುಳಿತೆ. ಅವರು ಮಗ್ಗದಿಂದ ತಲೆ ಎತ್ತದೆ, “ಡಂಬಳದಾಗ ಬದನಿಕಾಯಿ ಚೊಲೋ ಬರ್ತಾವು” ಎಂದರು. ಗಾಳಕ್ಕೆ ಸಿಕ್ಕಿದ್ದು ಬದನೆಕಾಯಿ!

ಹೀಗಿರುವಾಗ ಮೊನ್ನೆ ನನ್ನ ನಾದಿನಿಯನ್ನು ನೋಡಲು ಶಿರಹಟ್ಟಿಯಿಂದ ಗಂಡಿನ ಕಡೆಯವರು ಬಂದರು. ಒಳ್ಳೆಯ ಮನೆತನ, ಬಟ್ಟೆ ಅಂಗಡಿ. ಹುಡುಗನೂ ಹುಡುಗಿಯೂ ಆಗಲೇ ಫೋನಿನಲ್ಲಿ ಒಪ್ಪಿಕೊಂಡು ಕೂತಿದ್ದರು, ಹಿರಿಯರು ಒಪ್ಪುವುದಷ್ಟೇ ಬಾಕಿ. ಈ ಮೊದಲು ಒಂದು ಸಂಬಂಧ ಬಂದು ಹಿಂದೆ ಸರಿದಿತ್ತು. ‘ಬೇರೆ ಪೈಕಿ ಸೊಸೆ ತಂದ ಮನೆ’ ಎಂದು ಯಾರೋ ಅಂದರೆಂದು ನನ್ನ ಕಿವಿಗೂ ಬಿದ್ದಿತ್ತು. ನಾದಿನಿ ಆ ಮಾತನ್ನು ನನ್ನ ಮುಂದೆ ಎಂದೂ ಆಡಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚುತ್ತಿತ್ತು. ಈ ಸಲವೂ ನನ್ನಿಂದಾಗಿ ತಪ್ಪಿಹೋದರೆ ಆ ಹುಡುಗಿಗೆ ಹೇಗೆ ಮುಖ ತೋರಿಸಲಿ? ನಾನು ಹೊರಗೇ ಬರುವುದಿಲ್ಲ ಎಂದು ಅಡುಗೆಮನೆ ಸೇರಿ ಶಿರಾ ಕಲಕುತ್ತಾ ನಿಂತೆ.

ಮಾತುಕತೆ ಚೆನ್ನಾಗಿಯೇ ನಡೆದಿತ್ತು. ಹುಡುಗನ ದೊಡ್ಡಪ್ಪ ಶಿರಾ ಬಾಯಿಗಿಟ್ಟು ಕೇಳಿಯೇ ಬಿಟ್ಟರು.

“ಎಲ್ಲಾ ಛಲೋ ಆತ್ರಿ. ಮನಿ ಸೊಸಿ ಯಾ ಪೈಕಿ? ನಾಳೆ ನಮಗೂ ನಾಕು ಮಂದಿ ಕೇಳ್ತಾರ, ಅದಕ್ಕ ಕೇಳಿದೆ.”

ಮಾವನವರು ನೆಲ ನೋಡಿದರು. ನನ್ನ ಗಂಡ ಬಾಯಿ ತೆರೆದಿದ್ದು ಬಾಗಿಲ ಸಂದಿಯಿಂದ ಕಂಡಿತು. ದೊಡ್ಡತ್ತಿ ಕೈಸನ್ನೆಯಿಂದಲೇ ನನ್ನ ಗಂಡನನ್ನು ಸುಮ್ಮನಾಗಿಸಿದರು. ನಾನು ಸೌಟು ಹಿಡಿದು ಕಣ್ಮುಚ್ಚಿದೆ. ಇವತ್ತಾದರೂ ಹೇಳಿ ದೊಡ್ಡತ್ತಿ, ಮೊಸರು ಮಾರಿದವಳನ್ನು ಸಂಬಂಧಿ ಮಾಡಿದವರಿಗೆ ಸಿಂಗಟಾಲೂರಿನಿಂದ ಬೆಟಗೇರಿಗೆ ಒಂದು ಎಳೆ ಎಳೆಯುವುದು ಎಷ್ಟರ ಕೆಲಸ? ಸುಳ್ಳಾದರೂ ಪರವಾಗಿಲ್ಲ, ‘ನಮ್ಮ ಪೈಕಿ’ ಅಂದುಬಿಡಿ, ಈ ಹುಡುಗಿಯ ಮದುವೆ ಆಗಲಿ!

ದೊಡ್ಡತ್ತಿ ಕಪ್ಪಿನಿಂದ ಬಸಿಗೆ ಸುರಿದುಕೊಂಡಿದ್ದ ಚಹಾವನ್ನು ಸಾವಕಾಶವಾಗಿ ಕುಡಿದು ಮುಗಿಸಿದರು.

“ಗೊತ್ತಿಲ್ರಿ.”

“ಗೊತ್ತಿಲ್ಲಾ?” ದೊಡ್ಡಪ್ಪನ ಚಮಚ ಅರ್ಧದಲ್ಲೇ ನಿಂತಿತು. “ಬಸ್ಸಿನ ಮಂದೀನೆಲ್ಲಾ ಕೇಳ್ತೀರಂತ ನಿಮ್ಮ ಖಬರ ಶಿರಹಟ್ಟಿತನಾ ಐತಿ. ಮನ್ಯಾಗ ಇದ್ದಾಕಿನ್ನ ಕೇಳಿಲ್ಲೇನು?”

“ಇಲ್ರಿ. ಬಸ್ಸಿನ್ಯಾಗ ಸಿಕ್ಕವ್ರು ಹೊರಗಿನವ್ರು, ಅದಕ್ಕ ಕೇಳ್ತೀನಿ. ಕೇಳಿ ಕೇಳಿ ಹ್ಯಾಂಗರ ಮಾಡಿ ಒಳಗ ಎಳಕೊಂತೀನಿ. ಪೈಕಿ ಅನ್ನೂ ಮಾತು ಇರೂದ ಹೊರಗಿನ ಮಂದಿಗೆ. ಆಕಿ ಬಂದ ದಿವಸ ನಮ್ಮ ಒಲಿ ಮುಂದ ಕುಂತು ರೊಟ್ಟಿ ಬಡದ್ಲು. ಅವತ್ತ ಒಳಗಿನಾಕಿ ಆದ್ಲು. ಮನಿ ಮಗಳನ್ನ ಯಾರರ ಯಾ ಪೈಕಿ ಅಂತ ಕೇಳ್ತಾರೇನ್ರಿ? ನಿಮ್ಮ ಮಗಳನ್ನ ನೀವು ಕೇಳೀರೇನು?”

ದೊಡ್ಡಪ್ಪ ಚಮಚವನ್ನು ತಟ್ಟೆಗೆ ಇಟ್ಟ ಸದ್ದಾಯಿತು. ಆಮೇಲೆ ದೊಡ್ಡತ್ತಿಯ ದನಿಯೇ ಮತ್ತೆ ಕೇಳಿತು. “ನೀವು ಹೇಳ್ರಿ ಈಗ. ನಿಮ್ಮ ತಾಯಿ ತವರಮನಿ ಯಾವೂರು?” ಎರಡನೆಯ ಸುತ್ತಿನ ಚಹಾ ಮುಗಿಯುವಷ್ಟರಲ್ಲಿ ದೊಡ್ಡಪ್ಪನ ಮೂರು ತಲೆಮಾರು ನಮ್ಮ ಪಡಸಾಲೆಯಲ್ಲಿ ಬಂದು ಕೂತಿತ್ತು. ಹೋಗುವಾಗ ಅವರು ನಗುತ್ತಾ, “ನಾಕು ಮಂದಿ ಕೇಳಿದ್ರ ನೀವು ಹೇಳಿದ್ದನ್ನ ಹೇಳ್ತೀನಿ ಬಿಡ್ರಿ ಅಕ್ಕಾರ” ಎಂದು ಸಂಬಂಧ ಗಟ್ಟಿ ಮಾಡಿಯೇ ಮೆಟ್ಟಿಲಿಳಿದರು. ನಾದಿನಿ ಓಡಿಬಂದು ನನ್ನನ್ನು ಅಪ್ಪಿಕೊಂಡಳು.

ಇದೆಲ್ಲ ನಡೆಯುವಾಗ ನಾನು ಅಡುಗೆಮನೆಯ ಮೂಲೆಯಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಎಷ್ಟು ಪುಸ್ತಕ ಓದಿದ್ದೆ, ಎಷ್ಟು ಪಾಠ ಮಾಡಿದ್ದೆ! ‘ನಮ್ಮವರು’ ಎಂಬ ಮಾತು ಬೇಲಿಯ ಬಳಿ ಮಾತ್ರ ಬೇಕಾಗುತ್ತದೆ ಎಂದು ನಾನೇ ಹುಡುಗರಿಗೆ ಹೇಳಿದ್ದೆ. ಬೇಲಿಯಿಂದ ಬಹಳ ಒಳಗೆ, ಒಲೆಯ ಪಕ್ಕದಲ್ಲಿ ನನ್ನನ್ನು ಕೂರಿಸಿಕೊಂಡವರ ಮೇಲೆ ಇಷ್ಟು ವರ್ಷ ಮುನಿಸಿಕೊಂಡಿದ್ದೆ. ಈ ಜನ್ಮದಲ್ಲಿ ನನಗೆ ಸಿಕ್ಕ ಪುಣ್ಯವೆಂದರೆ ಆ ಮುದುಕಿ. ಇದನ್ನು ಅವರ ಎದುರಿಗೆ ಹೇಳುವ ಧೈರ್ಯವಿಲ್ಲದ್ದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡತ್ತಿ ಖಾಲಿ ಕಪ್ಪುಗಳನ್ನು ಇಡಲು ಒಳಗೆ ಬಂದರು. ನನ್ನನ್ನು ನೋಡಿದರು. ಯಾಕೆ ಅಳುತ್ತೀ ಎಂದು ಕೇಳಲಿಲ್ಲ. “ದೊಡ್ಡತ್ತಿ, ನಿಮಗ ನಾ...” ಎಂದು ನಾನು ಶುರುಮಾಡಿದೆ.

“ಶಿರಾಕ ಸಕ್ಕರಿ ಕಮ್ಮಿ ಆಗಿತ್ತು” ಎಂದರು. ಎಂದು ಹತ್ತಿರ ಬಂದು, ಎಡಗೈಯಲ್ಲಿ ನನ್ನ ಗದ್ದ ಹಿಡಿದು, ಸೆರಗಿನ ತುದಿಯಿಂದ ನನ್ನ ಕಣ್ಣು, ಕೆನ್ನೆ, ಮೂಗು ಎಲ್ಲವನ್ನೂ ಗಸಗಸ ಒರೆಸಿದರು. ನನ್ನ ಅವ್ವನನ್ನು ಬಿಟ್ಟರೆ ನನ್ನ ಮೂಗು ಒರೆಸಿದವರು ಈ ಭೂಮಿಯ ಮೇಲೆ ಅವರೊಬ್ಬರೇ.